ಸೀಟಿನ ಹಿಂದಿನ ಎಂಜಿನ್

2024ರ ಆಗಸ್ಟ್‌ನಲ್ಲಿ ಗುಜರಾತಿನ ಪೀಪಾವಾವ್ ಬಂದರಿನಿಂದ ಹಡಗೊಂದು 1,600ಕ್ಕೂ ಹೆಚ್ಚು ಕಾರು ತುಂಬಿಕೊಂಡು ಜಪಾನಿಗೆ ಹೊರಟಿತು. ಎಲ್ಲವೂ ಮಾರುತಿ ಸುಜುಕಿ ಫ್ರಾಂಕ್ಸ್. ಎಲ್ಲವೂ ಅಹ್ಮದಾಬಾದಿನಿಂದ ವಾಯವ್ಯಕ್ಕೆ, ಬೇಚರಾಜಿ ಎಂಬ ದೇವಸ್ಥಾನದ ಊರಿಗೆ ಹತ್ತಿರವಿರುವ ಹಾಂಸಲ್‌ಪುರದ ಕಾರ್ಖಾನೆಯಲ್ಲಿ ತಯಾರಾದವು. 1983ರಲ್ಲಿ ಜಪಾನಿನಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಜೋಡಿಸಿ ಮೊದಲ 800 ಹೊರತಂದ ಕಂಪನಿ, ನಲವತ್ತು ವರ್ಷಗಳಲ್ಲಿ ಜಪಾನಿಗೇ ಕಾರು ಕಳಿಸುವ ಮಟ್ಟ ಮುಟ್ಟಿತು. ಹೆಮ್ಮೆಪಡುವ ವಿಷಯವೇ.

ಇಲ್ಲಿ ಮಾರುವ ಫ್ರಾಂಕ್ಸ್‌ನ ಬಾನೆಟ್ ಎತ್ತಿದರೆ ಕಾಣುವುದು ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಕಾಣುವ ವ್ಯವಸ್ಥೆಯೇ. ಅಡ್ಡಲಾಗಿ ಕೂರಿಸಿದ ಎಂಜಿನ್, ಅದರ ಪಕ್ಕಕ್ಕೆ ಅಂಟಿಕೊಂಡ ಗೇರ್‌ಬಾಕ್ಸ್, ಅಲ್ಲಿಂದ ಎಡಕ್ಕೂ ಬಲಕ್ಕೂ ಹೊರಟು ಮುಂದಿನ ಚಕ್ರಗಳನ್ನು ತಿರುಗಿಸುವ ಎರಡು ಶಾಫ್ಟ್. ಇಡೀ ಯಂತ್ರ ಒಂದೇ ಗಂಟು. ಈ ಗಂಟನ್ನು ಹಾಗೇ ಎತ್ತಿ ಕಾರಿನ ಹಿಂಭಾಗಕ್ಕೆ ಒಯ್ದು, ಹಿಂದಿನ ಅಚ್ಚಿಗೆ ತುಸು ಮುಂದೆ ಕೂರಿಸಿ, ಅದಕ್ಕೆ ಬೆನ್ನು ಮಾಡಿ ಎರಡೇ ಎರಡು ಸೀಟು ಇಟ್ಟರೆ ಸಿಗುವುದು ಫೆರಾರಿ, ಲ್ಯಾಂಬೊರ್ಗಿನಿಗಳ ಮೈಕಟ್ಟಿನ ಕಾರು. ಇಂಗ್ಲಿಷಿನಲ್ಲಿ ಮಿಡ್-ಎಂಜಿನ್ ಅನ್ನುತ್ತಾರೆ. 1984ರಲ್ಲಿ ಟೊಯೊಟಾ ಮಾಡಿದ್ದು ಇದನ್ನೇ. ಆ ಕಾರಿನ ಹೆಸರು ಎಂಆರ್2.

ಗುಜರಾತಿನ ಮೂರು ನಗರಗಳ ಸುತ್ತ ಇಂಥ ಕಾರಿಗೆ ಬೇಕಾದದ್ದೆಲ್ಲ ಬಿದ್ದುಕೊಂಡಿದೆ. ಎಂಜಿನ್ ಇದೆ, ಲೈನ್ ಇದೆ, ಬಂದರಿದೆ, ವಿನ್ಯಾಸ ಕಲಿಸುವ ಶಾಲೆಯಿದೆ, ದುಡ್ಡೂ ಇದೆ. ಆದರೂ ಕಾರಿಲ್ಲ. ಇದಕ್ಕೆ ಮಾರುಕಟ್ಟೆಯನ್ನೂ ರಸ್ತೆಯ ಹೊಂಡವನ್ನೂ ದೂರುವುದು ರೂಢಿ. ಆ ರೂಢಿಯ ಉತ್ತರ ಅರ್ಧ ಮಾತ್ರ ನಿಜ ಎಂದು ತಿಳಿಯಬೇಕಾದರೆ ಎಂಆರ್2 ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಎಂಜಿನ್ ನಡುವಿಗೆ ಬರುವುದರಿಂದ ಆಗುವ ಲಾಭವೇನು ಎಂಬುದು. ಗ್ಯಾಸ್ ಸಿಲಿಂಡರ್ ತುಂಬಿಸಿಕೊಂಡು ಸ್ಕೂಟರಿನಲ್ಲಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಲಿಂಡರನ್ನು ಕಾಲ ಬಳಿ, ಫುಟ್‌ಬೋರ್ಡಿನ ಮೇಲೆ ಇಟ್ಟುಕೊಂಡರೆ ಸ್ಕೂಟರ್ ಭಾರವಾಗುತ್ತದೆ, ಆದರೆ ಹೇಳಿದ ಮಾತು ಕೇಳುತ್ತದೆ. ಅದೇ ಸಿಲಿಂಡರನ್ನು ಹಿಂದೆ ಕ್ಯಾರಿಯರಿಗೆ ಕಟ್ಟಿದರೆ ಪ್ರತಿ ತಿರುವಿನಲ್ಲೂ ಹಿಂಭಾಗ ತನ್ನದೇ ದಾರಿ ಹಿಡಿಯಲು ನೋಡುತ್ತದೆ. ತೂಕ ಒಂದೇ, ಇರುವ ಜಾಗ ಬೇರೆ. ಕಾರಿನ ಅತಿ ಭಾರದ ವಸ್ತು ಎಂಜಿನ್. ಅದು ನಾಲ್ಕು ಚಕ್ರಗಳ ನಡುವಿನ ಜಾಗಕ್ಕೆ ಬಂದರೆ ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ಕಾರು ತಿರುಗುತ್ತದೆ. ರೇಸ್ ಕಾರುಗಳನ್ನು ಹೀಗೆ ಕಟ್ಟುವುದು ಇದಕ್ಕೇ. ದುಬಾರಿ ಕಾರುಗಳೂ ಅಲ್ಲಿಂದಲೇ ಇದನ್ನು ಎತ್ತಿಕೊಂಡವು. ಹಾಗಾಗಿ ಇದು ಶ್ರೀಮಂತರ ವಿದ್ಯೆ ಎಂಬ ಹೆಸರು ಬಂತು.

ಅಗ್ಗದಲ್ಲಿ ಇದನ್ನು ಮಾಡಬಹುದು ಎಂದು ಸರಿಯಾಗಿ ತೋರಿಸಿದವರು ಇಟಲಿಯವರು. ಫಿಯೆಟ್ ಕಂಪನಿಯ 128 ಎಂಬ ಸಾಧಾರಣ ಸಂಸಾರಸ್ಥ ಕಾರಿನ ಎಂಜಿನ್, ಗೇರ್‌ಬಾಕ್ಸುಗಳನ್ನು ಮುಂದಿನಿಂದ ತೆಗೆದು ಹಿಂದೆ ಕೂರಿಸಿ 1972ರಲ್ಲಿ ಎಕ್ಸ್1/9 ಎಂಬ ಎರಡು ಸೀಟಿನ ಕಾರು ಮಾಡಿದರು. ಮುಂದಿನ ಚಕ್ರ ತಿರುಗಿಸುವ ಸಣ್ಣ ಕಾರು ಒಮ್ಮೆ ಬಂದ ಮೇಲೆ ಮಿಡ್-ಎಂಜಿನ್ ಕಾರಿಗೆ ಹೊಸ ಯಂತ್ರವೇ ಬೇಕಾಗುವುದಿಲ್ಲ. ದುಡ್ಡು ಕೊಟ್ಟಾಗಿದೆ, ಅಚ್ಚು ತಯಾರಿದೆ, ಲಕ್ಷಗಟ್ಟಲೆ ಸಂಖ್ಯೆಯಲ್ಲಿ ದಿನವೂ ಹೊರಬರುತ್ತಿದೆ. ಜಾಗ ಬದಲಿಸುವುದಷ್ಟೇ ಬಾಕಿ. ಹೇಳಲು ಸುಲಭ ನಿಜ. ರೇಡಿಯೇಟರ್ ಮುಂದಿದ್ದು ಎಂಜಿನ್ ಹಿಂದಿದ್ದರೆ ನೀರಿನ ಕೊಳವೆ ಇಡೀ ಕಾರಿನುದ್ದಕ್ಕೂ ಹೋಗಬೇಕು. ಗೇರ್ ಹಿಡಿಕೆಯಿಂದ ಹಿಂದಿನವರೆಗೆ ಕೇಬಲ್ ಎಳೆಯಬೇಕು. ಸೀಟಿನ ಬೆನ್ನಿಗೇ ಬಿಸಿ ಮತ್ತು ಸದ್ದು. ಪೆಟ್ರೋಲ್ ಟ್ಯಾಂಕಿಗೆ ಜಾಗ ಎಲ್ಲಿ? ಎಂಆರ್2ರಲ್ಲಿ ಅದನ್ನು ಎರಡು ಸೀಟುಗಳ ನಡುವಿನ ಉದ್ದ ಸುರಂಗದಲ್ಲಿ ಹುದುಗಿಸಿದರು, ಪೆಟ್ರೋಲ್ ಖಾಲಿಯಾದರೂ ತೂಕದ ಹಂಚಿಕೆ ಹೆಚ್ಚು ಅಲ್ಲಾಡದಿರಲಿ ಎಂದು.

ಟೊಯೊಟಾದಲ್ಲಿ ಈ ಯೋಚನೆ ಶುರುವಾದದ್ದು 1976ರಲ್ಲಿ. ಆಗ ಸ್ಪೋರ್ಟ್ಸ್ ಕಾರು ಮಾಡಬೇಕೆಂಬ ಉದ್ದೇಶವೇ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನ ಬಿಸಿ ಆರಿರಲಿಲ್ಲ. ಕಡಿಮೆ ಪೆಟ್ರೋಲ್ ಕುಡಿಯುವ, ಆದರೂ ಓಡಿಸಲು ಖುಷಿ ಕೊಡುವ ಕಾರು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಆ ಪ್ರಶ್ನೆ ಮೂರು ವರ್ಷ ಹೆಚ್ಚು ಚಲನೆಯಿಲ್ಲದೆ ಕೂತಿತ್ತು. 1979ರಲ್ಲಿ ಅಕಿಯೊ ಯೊಶಿದಾ ಎಂಬ ಎಂಜಿನಿಯರ್ ಅದನ್ನು ಕೈಗೆತ್ತಿಕೊಂಡರು. ಯೊಶಿದಾ ವಿನ್ಯಾಸ ವಿಭಾಗದ ತಾರೆಯಲ್ಲ, ಪರೀಕ್ಷಾ ವಿಭಾಗದವರು. ಅಂದರೆ ಬೇರೆಯವರು ಮಾಡಿದ ಕಾರುಗಳನ್ನು ಓಡಿಸಿ ನೋಡಿ, ಎಲ್ಲಿ ಏನು ಸರಿಯಿಲ್ಲ ಎಂದು ಹೇಳುವ ಕೆಲಸದ ಕಡೆಯಿಂದ ಬಂದವರು. ಎಂಜಿನ್ ಮುಂದಿರಲಿ ಹಿಂದಿರಲಿ, ಯಾವ ಚಕ್ರ ತಿರುಗಲಿ ಎಂಬ ಎಲ್ಲ ಸಾಧ್ಯತೆಗಳನ್ನು ತೂಗಿ ನೋಡಿ, ಅಡ್ಡ ಎಂಜಿನ್ನನ್ನು ನಡುವೆ ಕೂರಿಸುವುದೇ ಸರಿ ಎಂಬಲ್ಲಿಗೆ ಅವರು ಬಂದರು. 1981ಕ್ಕೆ ಒಂದು ಮಾದರಿ ಸಿದ್ಧವಾಯಿತು. ಅದು ಜಪಾನಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಓಡಿತು. ಅಮೆರಿಕದ ಹೆಸರಾಂತ ರೇಸ್ ಚಾಲಕ ಡ್ಯಾನ್ ಗರ್ನಿ ಕೂಡ ವಿಲೋ ಸ್ಪ್ರಿಂಗ್ಸ್ ರೇಸ್ ಟ್ರ್ಯಾಕಿನಲ್ಲಿ ಓಡಿಸಿ ನೋಡಿದರು. ಸಂಸಾರಸ್ಥ ಕಾರಾಗಬಹುದಿದ್ದ ಯೋಜನೆ ಈ ಓಡಾಟಗಳ ಹೊತ್ತಿಗೆ ಸ್ಪೋರ್ಟ್ಸ್ ಕಾರಿನ ಕಡೆ ವಾಲಿತ್ತು.

1983ರ ಟೋಕಿಯೊ ಮೋಟಾರ್ ಶೋದಲ್ಲಿ ಎಸ್‌ವಿ-3 ಎಂಬ ಹೆಸರಿನಲ್ಲಿ ಕಾರನ್ನು ತೋರಿಸಿದರು. ಮರುವರ್ಷ ಜೂನ್‌ನಲ್ಲಿ ಅದು ಎಂಆರ್2 ಆಗಿ ಅಂಗಡಿಗೆ ಬಂತು, ಜಪಾನಿನ ವರ್ಷದ ಕಾರು ಎಂಬ ಪ್ರಶಸ್ತಿಯನ್ನೂ ಪಡೆಯಿತು. ಒಳಗಿದ್ದದ್ದು ಬಹುಪಾಲು ಕೊರೊಲಾ ಬಳಗದ ಸಾಮಾನು. ದೊಡ್ಡ ಎಂಜಿನ್ನು 4ಎ-ಜಿಇ ಎಂಬ 1.6 ಲೀಟರಿನದು, ಯಮಾಹಾ ಜೊತೆಗೂಡಿ ಮಾಡಿದ್ದು, ಕೊರೊಲಾ ಲೆವಿನ್‌ನಲ್ಲಿ ಆಗಲೇ ಓಡುತ್ತಿದ್ದದ್ದು. ಜಪಾನಿನಲ್ಲಿ ಇನ್ನೂ ಅಗ್ಗದ 1.5 ಲೀಟರಿನ ಮಾದರಿಯೂ ಸಿಗುತ್ತಿತ್ತು. ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಅಮೆರಿಕದಲ್ಲಿ ಬೆಲೆ 11,000 ಡಾಲರಿನ ಸುತ್ತಮುತ್ತ. ಗುಮಾಸ್ತರು, ಶಾಲಾ ಮೇಷ್ಟ್ರು, ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಲ ಮಾಡಿ ಕೊಳ್ಳಬಹುದಾದ ಬೆಲೆ. ಮೊದಲ ತಲೆಮಾರಿನ ಕಾರು ಐದು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಹೆಸರಿನ ಬಗ್ಗೆ ಒಂದು ಮಾತು. ಮಿಡ್‌ಶಿಪ್, ರನ್‌ಅಬೌಟ್, ಎರಡು ಸೀಟು, ಇವುಗಳ ಸಂಕ್ಷೇಪವೇ ಎಂಆರ್2. ಫ್ರೆಂಚಿನಲ್ಲಿ ಓದಿದರೆ ಅದು ಬೈಗುಳಕ್ಕೆ ತೀರಾ ಹತ್ತಿರ ಬರುತ್ತದೆಂದು ಅಲ್ಲಿ 2 ಬಿಟ್ಟು ಬರೀ ಎಂಆರ್ ಎಂದು ಮಾರಿದರು. ಹೆಸರು ಹೇಳುತ್ತಿದ್ದದ್ದು ಕಾರು ಹೇಗಿದೆ ಎಂಬುದನ್ನು. ಎಷ್ಟಕ್ಕೆ ಸಿಗುತ್ತದೆ ಎಂಬುದು ಹೆಸರಿನಲ್ಲಾಗಲಿ ಜಾಹೀರಾತಿನ ತಲೆಬರಹದಲ್ಲಾಗಲಿ ಮೊದಲ ಮಾತಾಗಿರಲಿಲ್ಲ. ಗುಜರಾತಿಗೆ ಬಂದಾಗ ಇದು ನೆನಪಿರಲಿ.

ಗುಜರಾತಿನಲ್ಲಿ ಹಿಂದೆ ಎಂಜಿನ್ ಇಟ್ಟ ಅಗ್ಗದ ಕಾರು ಒಂದು ಬಂದು ಹೋಗಿದೆ. ಅಹ್ಮದಾಬಾದ್ ಪಕ್ಕದ ಸಾಣಂದಿನಲ್ಲಿ ತಯಾರಾದ ಟಾಟಾ ನ್ಯಾನೊ.

ನ್ಯಾನೊವನ್ನು ಗೇಲಿ ಮಾಡುವುದು ಈಗ ಸುಲಭ. ಎಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ಚುರುಕು ಬುದ್ಧಿಯ ಕೆಲಸ. 624 ಸಿಸಿಯ ಎರಡು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನನ್ನು ಹಿಂದಿನ ಸೀಟಿನ ಕೆಳಗೆ ಮಲಗಿಸಿದ್ದರಿಂದ ಮೂರು ಮೀಟರ್ ಚಿಲ್ಲರೆ ಉದ್ದದ ಕಾರಿನೊಳಗೆ ನಾಲ್ಕು ಜನ ಕಾಲು ಚಾಚಿ ಕೂರುವಷ್ಟು ಜಾಗ ಸಿಕ್ಕಿತು. ತೂಕ 600 ಕಿಲೋ ಆಸುಪಾಸು. ಚಕ್ರಕ್ಕೆ ಮೂರೇ ನಟ್, ಗಾಜಿಗೆ ಒಂದೇ ವೈಪರ್. ಎಂಜಿನ್ ಜಾಗ ಬದಲಿಸುವ ಅದೇ ಉಪಾಯ ಇಲ್ಲಿ ಉಳಿತಾಯಕ್ಕೆ ಬಳಕೆಯಾಯಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ರೈತರ ಭೂಮಿಯ ಜಗಳ ಎದ್ದು, 2008ರ ಅಕ್ಟೋಬರಿನಲ್ಲಿ ಟಾಟಾ ಅಲ್ಲಿಂದ ಕಾಲ್ತೆಗೆದು ಕೆಲವೇ ದಿನಗಳಲ್ಲಿ ಗುಜರಾತ್ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. 2010ರ ಜೂನ್‌ನಲ್ಲಿ ಸಾಣಂದ್ ಕಾರ್ಖಾನೆ ಶುರುವಾಯಿತು, ವರ್ಷಕ್ಕೆ ಎರಡೂವರೆ ಲಕ್ಷ ಕಾರಿನ ಸಾಮರ್ಥ್ಯದೊಂದಿಗೆ. ಗುಜರಾತ್ ಸರಕಾರ ಕೇವಲ 0.1 ಶೇಕಡಾ ಬಡ್ಡಿಯಲ್ಲಿ 500 ಕೋಟಿಗೂ ಹೆಚ್ಚು ಸಾಲ ಕೊಟ್ಟಿತು. ಜನರ ತೆರಿಗೆ ದುಡ್ಡು ಅದು.

ಅತಿ ಹೆಚ್ಚು ಮಾರಾಟವಾದ ವರ್ಷ ನ್ಯಾನೊ 75,000ದ ಹತ್ತಿರ ಬಂತು, ಮತ್ತೆ ಇಳಿಯಿತು. 2018ರ ಜೂನ್ ತಿಂಗಳಿಡೀ ತಯಾರಾದದ್ದು ಒಂದೇ ಒಂದು ನ್ಯಾನೊ.

ಏನಾಯಿತು ಎಂಬುದಕ್ಕೆ ಹಲವು ವಿವರಣೆಗಳಿವೆ: ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ, ಬೆಲೆ ಏರಿದ್ದು, ಕಾರ್ಖಾನೆ ತಡವಾದದ್ದು. ಆದರೆ ಅತ್ಯಂತ ನೇರ ಕಾರಣವನ್ನು ರತನ್ ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಅತಿ ಅಗ್ಗದ ಕಾರು ಎಂದು ಬಿಂಬಿಸಿದ್ದೇ ತಪ್ಪಾಯಿತು ಎಂದು. ಹಿಂದಿ ಪತ್ರಿಕೆಗಳು ಅದನ್ನು ಲಖ್‌ಟಕಿಯಾ ಎಂದು ಕರೆದವು, ಲಕ್ಷದ ಕಾರು. ಮನೆ ಮುಂದೆ ನಿಂತ ಕಾರು ಅದರ ಬೆಲೆಯನ್ನು ಬೀದಿಗೆಲ್ಲ ಸಾರಿ ಹೇಳುವುದು ಯಾರಿಗೆ ಬೇಕು? ಬೈಕಿನಲ್ಲಿ ಒದ್ದೆಯಾಗುತ್ತಿದ್ದ ಕುಟುಂಬಕ್ಕೆ ಕರುಣೆಯಿಂದ ಮಾಡಿದ ಕಾರು ಎಂಬ ಕಥೆ ಕೇಳಲು ಚೆನ್ನಾಗಿತ್ತು, ಆದರೆ ಆ ಕುಟುಂಬ ಕರುಣೆಯನ್ನು ಇಎಂಐ ಮೇಲೆ ಕೊಳ್ಳಲು ತಯಾರಿರಲಿಲ್ಲ. ಹಿಂದಿನ ಬಾಗಿಲೇ ತೆರೆಯದ ಡಿಕ್ಕಿ ಬೇರೆ. ಸಾಮಾನು ಇಡಬೇಕಾದರೆ ಒಳಗಿನಿಂದ ಸೀಟು ಮಡಚಬೇಕು. ತೆರೆಯುವ ಹಿಂಬಾಗಿಲು ಬಂದದ್ದು 2015ರಲ್ಲಿ, ಹೊತ್ತು ಮೀರಿದ ಮೇಲೆ.

ಎಂಆರ್2ಗೂ ಡಿಕ್ಕಿ ದೊಡ್ಡದಿರಲಿಲ್ಲ. ಹಿಂದಿನ ಸೀಟೇ ಇರಲಿಲ್ಲ. ಆದರೂ ಕೊಂಡವರು ಅದನ್ನು ಕೊರತೆ ಎಂದು ಲೆಕ್ಕ ಹಾಕಲಿಲ್ಲ, ಏಕೆಂದರೆ ಅವರಿಗೆ ಮಾರಿದ್ದು ಕಡಿಮೆ ಕಾರನ್ನಲ್ಲ. ಎರಡೂ ಕಾರುಗಳು ಸಾಮಾನ್ಯ ಸಂಬಳದವರಿಗಾಗಿಯೇ ಆದವು, ಎರಡರಲ್ಲೂ ಮಿತವ್ಯಯವಿತ್ತು. ಒಂದರಲ್ಲಿ ಆ ಮಿತವ್ಯಯ ಬೆಲೆಪಟ್ಟಿಯ ಕಡೆ ಮುಖ ಮಾಡಿತ್ತು, ಇನ್ನೊಂದರಲ್ಲಿ ತಿರುವಿನ ಕಡೆ.

ಗುಜರಾತಿಯಲ್ಲಿ ಶೋಖ್ ಎಂಬ ಪದವಿದೆ. ಅರಬ್ಬಿ ಮೂಲದ ಶೌಕ್. ಹವ್ಯಾಸ, ಇಷ್ಟ, ಮನಸ್ಸಿಗೆ ಹಿಡಿಸಿದ್ದು ಎಂಬರ್ಥದಲ್ಲಿ ಮರ್ಯಾದೆಯಿಂದ ಬಳಕೆಯಾಗುತ್ತದೆ. ಮದುವೆಯ ಬಯೋಡೇಟಾದಲ್ಲೂ ಬರೆದುಕೊಳ್ಳಬಹುದಾದ ಪದ. ಅದೇ ಪದ ಕನ್ನಡಕ್ಕೆ ಬಂದು ಶೋಕಿಯಾಗಿದೆ, ಮಗ ಶೋಕಿ ಮಾಡುತ್ತಾನೆ ಎಂದರೆ ಮನೆಯಲ್ಲಿ ಜಗಳ ಶುರುವಾಯಿತು ಎಂದೇ ಅರ್ಥ. ಆದರೆ ಕಾರಿನ ವಿಷಯ ಬಂದಾಗ ಗುಜರಾತಿಯವರೂ ಕನ್ನಡಿಗರಷ್ಟೇ ಬಿಗಿ. ಕಾರು ಒಂದೋ ಅಗತ್ಯ, ಇಲ್ಲವೇ ಅಂತಸ್ತು. ಓಡಿಸುವ ಖುಷಿಗೆ ಎಂದರೆ ಬೈಕ್ ತೋರಿಸುತ್ತಾರೆ. ದುಬಾರಿ ಬೈಕಿಗೆ ಎರಡೂವರೆ, ಮೂರು ಲಕ್ಷ ಕೊಡುವ ಹುಡುಗನಿಗೆ ಸ್ವಲ್ಪ ಸಂಬಳ ಹೆಚ್ಚಿದ ಮೇಲೆ ಹೋಗಲು ಮುಂದಿನ ಮೆಟ್ಟಿಲಿಲ್ಲ. ನೇರ ಎಸ್‌ಯುವಿಗೆ ಜಿಗಿಯಬೇಕು.

ಅಹ್ಮದಾಬಾದಿನ ಕಠವಾಡಾದಲ್ಲಿ ಪ್ರಾಣಲಾಲ್ ಭೋಗಿಲಾಲ್ ಅವರ ಹಳೆ ಕಾರುಗಳ ಸಂಗ್ರಹಾಲಯವಿದೆ. ನೂರಕ್ಕೂ ಹೆಚ್ಚು ಕಾರುಗಳು. ರೋಲ್ಸ್ ರಾಯ್ಸ್, ಬೆಂಟ್ಲಿ, ರಾಜಮಹಾರಾಜರ ಮೆರವಣಿಗೆಯವು. ಭಾರತದಲ್ಲಿ ಖುಷಿಯ ಕಾರಿನ ಚರಿತ್ರೆ ಅಲ್ಲಿ ಸಾಲಾಗಿ ನಿಂತಿದೆ, ಎಲ್ಲವೂ ಅರಮನೆಯದು.

ಸೂರತ್ತಿನ ಜನ ಇದನ್ನು ಬೇರೊಂದು ವಸ್ತುವಿನಲ್ಲಿ ಮುರಿದು ತೋರಿಸಿದ್ದಾರೆ. ವಜ್ರವೂ ಅರಮನೆಯ ಸೊತ್ತೇ ಆಗಿತ್ತು. ಆಂಟ್‌ವರ್ಪ್, ಟೆಲ್‌ಅವಿವ್‌ಗಳ ಕುಶಲಕರ್ಮಿಗಳು ಕೂಲಿ ಗಿಟ್ಟದೆಂದು ಬದಿಗೆ ಸರಿಸುತ್ತಿದ್ದ ಪುಡಿ ಹರಳುಗಳನ್ನು ಸೂರತ್ತಿನವರು ಉಜ್ಜಲು ಕೂತರು. ಹೊಳಪಿಗೆ ಬಂದ ಆ ಸಣ್ಣ ಹರಳುಗಳಿಂದಲೇ ಅಮೆರಿಕದ ಸಾಧಾರಣ ಅಂಗಡಿಗಳಲ್ಲಿ ಅಗ್ಗದ ವಜ್ರದುಂಗುರ ಸಿಗುವಂತಾಯಿತು. ಇವತ್ತು ಜಗತ್ತಿನ ವಜ್ರಗಳಲ್ಲಿ ಬಹುಪಾಲು ಹೊಳಪು ಪಡೆಯುವುದು ಇಲ್ಲಿ. ಎಂಆರ್2 ಮಾಡಿದ್ದೂ ಇದೇ ಬಗೆಯ ಕೆಲಸ. ದೊಡ್ಡವರ ವಸ್ತುವನ್ನು ಸಣ್ಣ ಅಳತೆಯಲ್ಲಿ, ಮಾಲಿನ ಹೊಳಪು ಕೆಡದಂತೆ ಮಾಡುವುದು. ಅದೇ ಸೂರತ್ತಿನ ವಜ್ರೋದ್ಯಮಿ ಸಾವ್ಜಿ ಢೋಲಕಿಯಾ 2016ರ ದೀಪಾವಳಿಗೆ ನೌಕರರಿಗೆ 1,260 ಕಾರುಗಳನ್ನು ಕೊಟ್ಟಾಗ ದೇಶವೆಲ್ಲ ಬೆರಗಾಯಿತು. ಕೊಟ್ಟದ್ದು ಸಹಜವಾಗಿಯೇ ಐದು ಬಾಗಿಲಿನ ಸಣ್ಣ ಕಾರುಗಳು. ಬೇರೆ ಏನು ಕೊಡಲು ಸಾಧ್ಯವಿತ್ತು, ಅಂಗಡಿಯಲ್ಲಿ ಬೇರೆ ಬಗೆಯದು ಇದ್ದರಲ್ಲವೇ.

ಇನ್ನು ಸುಜುಕಿಯ ವಿಷಯ. ಹಾಂಸಲ್‌ಪುರದ ಕಾರ್ಖಾನೆ ಶುರುವಾದದ್ದು 2017ರ ಫೆಬ್ರವರಿಯಲ್ಲಿ, ಈಗ ಅದರ ಸಾಮರ್ಥ್ಯ ವರ್ಷಕ್ಕೆ ಏಳೂವರೆ ಲಕ್ಷ ಕಾರು. ಕಾರ್ಖಾನೆಯೊಳಗೇ ರೈಲು ಹಳಿ ಬಂದಿದೆ. ಸುಜುಕಿಗೆ ಎಂಜಿನ್ ಹಿಂದೆ ಇಡುವ ವಿದ್ಯೆ ಹೊಸದೇನಲ್ಲ. 1985ರ ಟೋಕಿಯೊ ಮೋಟಾರ್ ಶೋದಲ್ಲಿ ಆರ್‌ಎಸ್/1 ಎಂಬ ಮಿಡ್-ಎಂಜಿನ್ ಮಾದರಿಯನ್ನು ತೋರಿಸಿತ್ತು. ಅದರೊಳಗಿನ 1.3 ಲೀಟರ್ ಎಂಜಿನ್ ಯಾವ ಬಳಗದ್ದೋ ಅದೇ ಬಳಗದ ಎಂಜಿನ್ನುಗಳು ಆಮೇಲೆ ಭಾರತದಲ್ಲಿ ಎಸ್ಟೀಮ್, ಜಿಪ್ಸಿಗಳನ್ನು ಓಡಿಸಿದವು. 1992ರಲ್ಲಿ ಮಜ್ದಾ ಹೊರತಂದ ಎಝಡ್-1 ಎಂಬ ಆಟಿಕೆಯಂಥ ಕಾರು ಇನ್ನೂ ಸ್ವಾರಸ್ಯದ್ದು. ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲು, ಸೀಟಿನ ಹಿಂದೆ 657 ಸಿಸಿಯ ಟರ್ಬೊ ಎಂಜಿನ್, ಎಲ್ಲ ಸೇರಿ 720 ಕಿಲೋ. ಆ ಯೋಚನೆ ಮೊದಲು ಮೊಳೆತದ್ದು ಸುಜುಕಿಯಲ್ಲಿ, ಎಂಜಿನ್ ಕೂಡ ಸುಜುಕಿಯದೇ. ಕ್ಯಾರಾ ಎಂಬ ಹೆಸರಿನಲ್ಲಿ ಸುಜುಕಿಯೂ ಕೆಲವು ನೂರು ಮಾರಿತು. ಆ ಎಂಜಿನ್ನು ಎಫ್ ಸರಣಿಯದು, ಅಂದರೆ ನಮ್ಮ ಮಾರುತಿ 800ರ 796 ಸಿಸಿ ಎಂಜಿನ್ನಿನ ಖಾಸಾ ತಮ್ಮ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚಬಲ್ಲ ಎಂಜಿನ್ನಿನ ತಮ್ಮ ಜಪಾನಿನಲ್ಲಿ ರೆಕ್ಕೆ ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿದ್ದ. ನಮ್ಮಲ್ಲಿ ಅದೇ ಎಂಜಿನ್ನು ಮುಂದಿನ ಸೀಟಿನ ಕೆಳಗೆ ಕೂತು ಹಿಂದಿನ ಚಕ್ರ ತಿರುಗಿಸುತ್ತ ಓಮ್ನಿಯಾಗಿ ಶಾಲಾ ಮಕ್ಕಳನ್ನೂ ತರಕಾರಿಯನ್ನೂ ಹೊತ್ತಿತು. ಲೆಕ್ಕಕ್ಕೆ ಹಿಡಿದರೆ ಓಮ್ನಿಯೂ ಮಿಡ್-ಎಂಜಿನ್ ವಾಹನವೇ, ಯಾರೂ ಅದನ್ನು ಹಾಗೆ ಕರೆಯದಿದ್ದರೂ.

ಹೋಂಡಾದ್ದೂ ಇದೇ ಕಥೆ. ಹಾಂಸಲ್‌ಪುರಕ್ಕೆ ಹತ್ತಿರದ ವಿಠಲಾಪುರದಲ್ಲಿ ಅದು ಸ್ಕೂಟರ್ ಮಾಡುತ್ತದೆ. 1991ರಲ್ಲಿ ಜಪಾನಿನಲ್ಲಿ ಅದು ಬೀಟ್ ಎಂಬ 656 ಸಿಸಿಯ, ಸೀಟಿನ ಹಿಂದೆ ಎಂಜಿನ್ ಇರುವ, ಮೇಲ್ಛಾವಣಿ ಮಡಚುವ ಕಾರು ಮಾಡಿತ್ತು.

ಮಾರುಕಟ್ಟೆ ಎಲ್ಲಿದೆ ಎಂಬ ಪ್ರಶ್ನೆಗೆ ಬರೋಣ. ಎರಡು ಸೀಟಿನ ಕಾರಿಗೆ ಭಾರತದಲ್ಲಿ ಗಿರಾಕಿ ಕಡಿಮೆ, ಇದು ನಿಜ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನ ಸ್ಯಾನ್ ಸಮೂಹ ಸ್ಟಾರ್ಮ್ ಎಂಬ ಎರಡು ಸೀಟಿನ ತೆರೆದ ಕಾರು ತಂದಿತು, ಫೈಬರಿನ ಮೈ, ರೆನೊದ 1.2 ಲೀಟರ್ ಎಂಜಿನ್, ತಯಾರಿ ಗೋವಾದಲ್ಲಿ. ಎಂಜಿನ್ ಮುಂದೆಯೇ ಇತ್ತು. ಅದನ್ನು ರಸ್ತೆಯಲ್ಲಿ ಕಂಡವರು ಇವತ್ತಿಗೂ ನೆನಪಿಟ್ಟುಕೊಂಡಿದ್ದಾರೆ, ಏಕೆಂದರೆ ಕಂಡದ್ದೇ ಅಷ್ಟು ಅಪರೂಪ. ಸಣ್ಣ ಕಂಪನಿ, ಬಿಡಿಭಾಗವನ್ನೆಲ್ಲ ಹೊರಗಿನಿಂದ ಕೊಳ್ಳಬೇಕು, ಮಾರಲು ಮಳಿಗೆಗಳಿಲ್ಲ. ಅಂಥವರಿಂದ ಅಗ್ಗದ ಸ್ಪೋರ್ಟ್ಸ್ ಕಾರು ಆಗುವುದಿಲ್ಲ. ಕೊರೊಲಾ ಮಾಡುವವರಿಂದ ಮಾತ್ರ ಎಂಆರ್2 ಆಗುತ್ತದೆ.

ಆದರೆ ಗಿರಾಕಿ ಭಾರತದಲ್ಲೇ ಇರಬೇಕೆಂದು ಯಾರು ಹೇಳಿದರು? ಐದು ಬಾಗಿಲಿನ ಜಿಮ್ನಿಯನ್ನೇ ನೋಡಿ. ಗುರುಗ್ರಾಮದಲ್ಲಿ ತಯಾರಾಗುವ ಆ ಗಾಡಿ ಇಲ್ಲಿ ಮಾರಾಟವಾಗದೆ ರಿಯಾಯಿತಿಯ ಮೇಲೆ ರಿಯಾಯಿತಿ ಕಂಡಿತು. 2025ರ ಆರಂಭದಲ್ಲಿ ಅದನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದಾಗ ನಾಲ್ಕೇ ದಿನಗಳಲ್ಲಿ 50,000 ಆರ್ಡರ್ ಬಂದು ಸುಜುಕಿ ಬುಕಿಂಗ್ ನಿಲ್ಲಿಸಬೇಕಾಯಿತು. ಭಾರತದ ಲೈನಿನಿಂದ ಹೊರಬಿದ್ದ, ಭಾರತೀಯರು ಶೋಕಿ ಎಂದು ಬದಿಗಿಟ್ಟ ಕಾರಿಗೆ ಜಪಾನಿನಲ್ಲಿ ಸಾಲು. ಪೀಪಾವಾವ್‌ನಿಂದ ಹಡಗಿನ ದಾರಿ ತೆರೆದೇ ಇದೆ.

ತೆರಿಗೆಯೂ ಅಡ್ಡ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1,200 ಸಿಸಿ ದಾಟದ ಪೆಟ್ರೋಲ್ ಕಾರಿಗೆ 18 ಶೇಕಡಾ ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ 40. ಮೊದಲ ಎಂಆರ್2 ಉದ್ದ ನಾಲ್ಕು ಮೀಟರಿನ ಒಳಗೇ ಇತ್ತು. ಫ್ರಾಂಕ್ಸ್‌ನಲ್ಲಿ ಸಿಗುವ 998 ಸಿಸಿ ಟರ್ಬೊ ಎಂಜಿನ್ 100 ಅಶ್ವಶಕ್ತಿ ಕೊಡುತ್ತದೆ, ಜಪಾನಿನ 1.5 ಲೀಟರಿನ ಎಂಆರ್2ಗಿಂತ ಹೆಚ್ಚು. ಸೀಟು ಎರಡೋ ಐದೋ, ಎಂಜಿನ್ ಹಿಂದೋ ಮುಂದೋ ಎಂದು ಜಿಎಸ್‌ಟಿ ಕೇಳುವುದಿಲ್ಲ. ಕಾನೂನು ಅಡ್ಡ ಬರುವುದು ಮನೆಯಲ್ಲಿ ಪ್ರಯತ್ನಿಸುವವರಿಗೆ. ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎತ್ತಿ ಹೇಳಿತು. ಬುಲೆಟ್ ಬೈಕಿನ ಮುಂಭಾಗಕ್ಕೆ ಹಿಂದೊಂದು ಗಾಡಿ ಸೇರಿಸಿ ಛಕಡೊ ಎಂಬ ವಾಹನವನ್ನೇ ಹುಟ್ಟುಹಾಕಿದ ಸೌರಾಷ್ಟ್ರದ ಗ್ಯಾರೇಜುಗಳ ಕಾಲ ಹೋಯಿತು. ಮಾಡುವುದಾದರೆ ಈಗ ಕಂಪನಿಯೇ ಮಾಡಬೇಕು.

ನಿಜವಾದ ಖರ್ಚು ಮೈಗೆ. ಹೊಸ ಬಾಡಿಯ ಅಚ್ಚು, ಅಪಘಾತ ಪರೀಕ್ಷೆ, ಎಂಜಿನ್ ತಂಪಾಗಿಡುವ ಹೊಸ ವ್ಯವಸ್ಥೆ, ವರ್ಷಗಟ್ಟಲೆ ಓಡಿಸಿ ನೋಡುವುದು. ಈ ಕೊನೆಯದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದು ಎಂಆರ್2ರ ಎರಡನೇ ತಲೆಮಾರಿನಲ್ಲಿ ಕಂಡಿತು. 1989ರಲ್ಲಿ ಬಂದ ಆ ಕಾರು ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಸಟ್ಟನೆ ಸುತ್ತಿಕೊಳ್ಳುತ್ತದೆಂಬ ಕುಖ್ಯಾತಿ ಪಡೆದು, ಟೊಯೊಟಾ ಎರಡು ಮೂರು ವರ್ಷಗಳೊಳಗೇ ಸಸ್ಪೆನ್ಶನ್ ತಿದ್ದಬೇಕಾಯಿತು. ಮೂರನೆಯ ತಲೆಮಾರು ಹಗುರವಾಗಿ, ಮಾತು ಕೇಳುವಂತೆ ಬಂತು, ಆದರೆ ಸೂಟ್‌ಕೇಸ್ ಇಡಲು ಜಾಗವಿರಲಿಲ್ಲ. ಅದು 2007ರಲ್ಲಿ ನಿಂತಿತು. ಎಸ್‌ಯುವಿಗಳ ಕಾಲ ಬಂದಿತ್ತು. ಟೊಯೊಟಾದಂಥ ಟೊಯೊಟಾವೇ ಕೈಬಿಟ್ಟದ್ದನ್ನು ಗುಜರಾತ್ ಏಕೆ ಹಿಡಿಯಬೇಕು ಎಂದು ಕೇಳುವವರ ಕೈಯಲ್ಲಿರುವ ಅತಿ ಗಟ್ಟಿ ವಾದ ಇದು.

ಇದಕ್ಕೆ ಉತ್ತರ ವಡೋದರಾದ ಕಡೆಯಿಂದ ಬರುತ್ತದೆ. ವಡೋದರಾಕ್ಕೆ ಹತ್ತಿರದ ಹಾಲೋಲ್‌ನಲ್ಲಿ ಜನರಲ್ ಮೋಟಾರ್ಸ್ 1996ರಿಂದ ಕಾರು ಮಾಡುತ್ತಿತ್ತು, ಮೊದಲು ಓಪೆಲ್, ಆಮೇಲೆ ಷೆವ್ರೊಲೆ. ಅಮೆರಿಕದಲ್ಲಿ ಇದೇ ಕಂಪನಿ ಎಂಆರ್2ರ ಕಾಲದಲ್ಲೇ ಪಾಂಟಿಯಾಕ್ ಫಿಯೆರೊ ಎಂಬ ಅಗ್ಗದ ಮಿಡ್-ಎಂಜಿನ್ ಕಾರು ಮಾಡಿ, ಬೇರೆ ಕಾರುಗಳ ಭಾಗವನ್ನು ಅರೆಮನಸ್ಸಿನಿಂದ ತುರುಕಿ, ಕಾರು ಸರಿಹೋಗುವ ಹೊತ್ತಿಗೆ 1988ರಲ್ಲಿ ನಿಲ್ಲಿಸಿತು. 2017ರ ಏಪ್ರಿಲ್‌ನಲ್ಲಿ ಹಾಲೋಲ್ ಕಾರ್ಖಾನೆಗೂ ಬೀಗ ಬಿತ್ತು. ಸಾಣಂದಿನಲ್ಲಿ 2015ರಲ್ಲಿ ಶುರುವಾದ ಫೋರ್ಡ್ ಕಾರ್ಖಾನೆಯ ಮೇಲೆ 2021ರಲ್ಲಿ ಅದೇ ತೀರ್ಮಾನ ಎರಗಿತು. ಎರಡೂ ಕಡೆ ಬಾಗಿಲು ಮುಚ್ಚಿದ್ದು ಗುಜರಾತಿನ ಕೆಲಸಗಾರರ ತಪ್ಪಿನಿಂದಲ್ಲ. ಏನು ಮಾಡಬೇಕು, ಎಷ್ಟು ದಿನ ಮಾಡಬೇಕು ಎಂಬುದನ್ನು ಮಿಶಿಗನ್‌ನಲ್ಲಿ ನಿರ್ಧರಿಸುತ್ತಿದ್ದರು. ಹಾಲೋಲ್ ಈಗ ಎಂಜಿ ಕಾರುಗಳ ಊರು. ಎಂಜಿ ಎಂದರೆ ಸಾಮಾನ್ಯರ ಸ್ಪೋರ್ಟ್ಸ್ ಕಾರಿಗಾಗಿಯೇ ಹೆಸರಾಗಿದ್ದ ಬ್ರಿಟಿಷ್ ಮುದ್ರೆ. 1995ರ ಎಂಜಿ ಎಫ್ ಕೂಡ ಸೀಟಿನ ಹಿಂದೆ ಎಂಜಿನ್ ಇದ್ದದ್ದೇ, ಮೆಟ್ರೊ ಎಂಬ ಸಣ್ಣ ಕಾರಿನ ಸಾಮಾನಿನಿಂದ ಆದದ್ದೇ. ಹಾಲೋಲ್‌ನಲ್ಲಿ ಆ ಮುದ್ರೆ ಬೀಳುವುದು ಹೆಕ್ಟರ್‌ನಂಥ ಎಸ್‌ಯುವಿಗಳ ಮೇಲೆ. ಅದೇ ಹೆಸರಿನಲ್ಲಿ 2025ರಲ್ಲಿ ಭಾರತಕ್ಕೆ ಬಂದ ಸೈಬರ್‌ಸ್ಟರ್ ಎಂಬ ಎರಡು ಸೀಟಿನ ವಿದ್ಯುತ್ ಕಾರಿನ ಬೆಲೆ 70 ಲಕ್ಷ ದಾಟುತ್ತದೆ.

ಹೀಗಾಗಿ ವಿಷಯ ಕಾರಿಗಿಂತ ದೊಡ್ಡದು. ಎಂಆರ್2ರಿಂದ ಕಲಿಯಬೇಕಾದದ್ದು ಎಂಜಿನ್ ಎಲ್ಲಿಡಬೇಕು ಎಂಬುದನ್ನಲ್ಲ, ಅದು ಗೊತ್ತೇ ಇದೆ. ಪರೀಕ್ಷಾ ವಿಭಾಗದ ಒಬ್ಬ ಎಂಜಿನಿಯರಿಗೆ, ಮಾರಾಟ ವಿಭಾಗ ಕೇಳದ ಕಾರಿನ ಮೇಲೆ ಐದು ವರ್ಷ ಕೆಲಸ ಮಾಡಲು ಕಂಪನಿ ಬಿಟ್ಟಿತು ಎಂಬುದು ಆ ಚರಿತ್ರೆಯ ಮುಖ್ಯ ಸಂಗತಿ. ಹಾಂಸಲ್‌ಪುರದಲ್ಲಾಗಲಿ ಸಾಣಂದಿನಲ್ಲಾಗಲಿ ಅಂಥ ಎಂಜಿನಿಯರ್ ಇಲ್ಲವೆಂದಲ್ಲ. ಇದ್ದರೂ ಅವರ ಕೆಲಸ ಇಂತಿಷ್ಟು ಸೆಕೆಂಡಿಗೆ ಒಂದು ಕಾರು ಹೊರಬರುವಂತೆ ನೋಡಿಕೊಳ್ಳುವುದು. ಸುಜುಕಿಯ ಕಾರುಗಳ ತೀರ್ಮಾನ ಆಗುವುದು ಹಮಾಮತ್ಸುವಿನಲ್ಲಿ, ಮಾರುತಿಯ ಸಂಶೋಧನಾ ಕೇಂದ್ರ ಇರುವುದು ಹರಿಯಾಣದ ರೋಹ್ತಕ್‌ನಲ್ಲಿ. ಗಾಂಧಿನಗರದ ಎನ್‌ಐಡಿ ಕ್ಯಾಂಪಸ್ಸಿನಲ್ಲಿ ವಾಹನ ವಿನ್ಯಾಸವನ್ನೇ ಓದಿ ಹೊರಬೀಳುವ ಹುಡುಗ ಹುಡುಗಿಯರು ಪುಣೆಗೋ ಚೆನ್ನೈಗೋ ಹೊರದೇಶಕ್ಕೋ ಹೋಗುತ್ತಾರೆ, ಗಂಟೆಯೊಂದರ ದಾರಿಯ ಸಾಣಂದಿನಲ್ಲಿ ಅವರು ಬರೆಯಬೇಕಾದ ಗೆರೆ ಇಲ್ಲ.

ಸರಕಾರ ಭೂಮಿ, ನೀರು, ಶೂನ್ಯಕ್ಕೆ ಹತ್ತಿರದ ಬಡ್ಡಿಯ ಸಾಲ ಕೊಡುವಾಗ ಕೇಳುವುದು ಎಷ್ಟು ಕೋಟಿ ಹೂಡಿಕೆ, ಎಷ್ಟು ಉದ್ಯೋಗ ಎಂದು. ಅದರ ಜೊತೆಗೆ ಇಲ್ಲಿ ಎಷ್ಟು ಕಾರುಗಳನ್ನು ಯೋಚಿಸುತ್ತೀರಿ ಎಂದೂ ಕೇಳಬಹುದು, ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು. ವಿನ್ಯಾಸ ಮತ್ತು ಪರೀಕ್ಷೆಯ ವಿಭಾಗ ಕಾರ್ಖಾನೆಯ ಪಕ್ಕದಲ್ಲೇ ಇರಬೇಕೆಂಬ ಷರತ್ತು ವಿಪರೀತದ್ದೇನಲ್ಲ. ಕರ್ನಾಟಕಕ್ಕೂ ಈ ಮಾತು ಸಲ್ಲುತ್ತದೆ. ಬಿಡದಿಯಲ್ಲಿ ಟೊಯೊಟಾ 1999ರಿಂದ ಕಾರು ಮಾಡುತ್ತಿದೆ, ಕ್ವಾಲಿಸ್‌ನಿಂದ ಇನೋವಾವರೆಗೆ ಎಲ್ಲ ಸಂಸಾರದ ಗಾಡಿಗಳೇ.

2025ರ ಜನವರಿಯಲ್ಲಿ ಟೋಕಿಯೊ ಆಟೊ ಸಲೂನ್‌ನಲ್ಲಿ ಟೊಯೊಟಾ ಜಿಆರ್ ಯಾರಿಸ್‌ನ ಒಂದು ಪ್ರಯೋಗದ ಮಾದರಿ ತೋರಿಸಿತು. ಮುಂದಿದ್ದ ಎಂಜಿನ್ ತೆಗೆದು ಹೊಸ ಎರಡು ಲೀಟರಿನದನ್ನು ಸೀಟಿನ ಹಿಂದೆ ಕೂರಿಸಿದ್ದರು. ಹದಿನೆಂಟು ವರ್ಷದ ನಂತರ ಕಂಪನಿಗೆ ಹಳೆಯ ಹುಚ್ಚು ಮತ್ತೆ ಹಿಡಿದಂತಿದೆ, ಆದರೆ ಅದು ರಸ್ತೆಗೆ ಬಂದರೂ ಅಗ್ಗವಾಗಿ ಬರುವ ಲಕ್ಷಣವಿಲ್ಲ. ಅಗ್ಗದ್ದು ಆಗಬೇಕಾದರೆ ಸಣ್ಣ ಎಂಜಿನ್ ಲಕ್ಷಗಟ್ಟಲೆ ಆಗುವ ಜಾಗ ಬೇಕು. ಟೊಯೊಟಾದ ಗ್ಲಾಂಜಾ ಎಂಬ ಕಾರು ಸುಜುಕಿ ಬಲೆನೊದ ಇನ್ನೊಂದು ಹೆಸರು. ತಯಾರಾಗುವುದು ಹಾಂಸಲ್‌ಪುರದಲ್ಲಿ. ಎಂಆರ್2 ಮಾಡಿದ ಕಂಪನಿಯ ಮುದ್ರೆಯೂ ಕ್ಯಾರಾ ಮಾರಿದ ಕಂಪನಿಯ ಎಂಜಿನ್ನೂ ಅಲ್ಲಿ ಒಂದೇ ಲೈನಿನಲ್ಲಿ ಪ್ರತಿದಿನ ಜೋಡಣೆಯಾಗುತ್ತಿವೆ, ಎಂಜಿನ್ ಮುಂದೆ.